ಕಿಲೋವ್ಯಾಟ್, ಯೂನಿಟ್, ಲೋಡ್: ಕರೆಂಟ್ ಬಿಲ್ ಓದೋದು ಹೇಗೆ?

ವಿದ್ಯಾಗಿರಿ_ಬಾಡಿಗೆ:
ಧಾರವಾಡದ ವಿದ್ಯಾಗಿರಿಯಲ್ಲಿ ಹೊಸದಾಗಿ ಬಾಡಿಗೆಗೆ ಬಂದಿದ್ದೇವೆ. ಬಿಲ್‌ನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್, ಬಳಕೆ 146 ಯೂನಿಟ್ ಅಂತಿದೆ. ಎರಡಕ್ಕೂ ಏನು ಸಂಬಂಧ? ಬೀಗ ಹಾಕಿ ಊರಿಗೆ ಹೋದರೂ ನಿಗದಿತ ಶುಲ್ಕ ಯಾಕೆ? ಗೀಸರ್ 2000 ವ್ಯಾಟ್‌ನದು. ಅದೇ ಜಾಸ್ತಿ ತಿನ್ನುತ್ತಿದೆ ಅಂತ ನನ್ನ ಅನುಮಾನ.

ಬೆಟಗೇರಿ_ವೈರಿಂಗ್:
ಗದಗ-ಬೆಟಗೇರಿಯಲ್ಲಿ ಮನೆ ವೈರಿಂಗ್ ಮಾಡುತ್ತೇನೆ. ಬಿಲ್ ಅರ್ಥವಾಗದೆ ಜನ ಸುಮ್ನೆ ದುಡ್ಡು ಕಟ್ಟೋದು ನೋಡಿದರೆ ಬೇಜಾರಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಸಾಮಾನು ಎಷ್ಟು ಜೋರಾಗಿ ಕರೆಂಟ್ ಎಳೆಯುತ್ತದೆ ಅನ್ನೋದು ವ್ಯಾಟ್. ಎಷ್ಟು ಹೊತ್ತು ಎಳೆಯಿತು ಅನ್ನೋದನ್ನೂ ಸೇರಿಸಿದರೆ ಯೂನಿಟ್. 1000 ವ್ಯಾಟ್ ಒಂದು ತಾಸು ಓಡಿದರೆ 1 ಯೂನಿಟ್. ಆ 1 ಯೂನಿಟ್ ತಿನ್ನಲು ನಿಮ್ಮ ಗೀಸರ್‌ಗೆ ಅರ್ಧ ತಾಸು ಸಾಕು. 9 ವ್ಯಾಟ್ ಎಲ್‌ಇಡಿ ಬಲ್ಬ್ ಅಷ್ಟು ತಿನ್ನಲು 111 ತಾಸು ಉರಿಯಬೇಕು.

ಲೋಡ್ ಅಂದರೆ ಒಂದೇ ಹೊತ್ತಿಗೆ ನೀವು ಎಷ್ಟು ಎಳೆಯಬಹುದು ಅನ್ನೋ ಮಿತಿ. ಗೀಸರ್ ಜೊತೆ 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ ಹಾಕಿದರೆ ನಿಮ್ಮ 3 ಕಿಲೋವ್ಯಾಟ್ ಭರ್ತಿ. ನೀವು ಬಳಸಲಿ ಬಿಡಲಿ, ಅಷ್ಟಕ್ಕೆ ಲೈನು, ಟ್ರಾನ್ಸ್‌ಫಾರ್ಮರ್ ತಯಾರಿರಬೇಕು. ನಿಗದಿತ ಶುಲ್ಕ ಅದಕ್ಕೆ, ಕಿಲೋವ್ಯಾಟ್ ಲೆಕ್ಕದಲ್ಲಿ.

ಇನ್ನು ಅನುಮಾನದ ಮಾತು. ಮೀಟರ್ ಮೇಲೆ ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 1600 ಅಥವಾ 3200 ಅಂತ ಏನಾದರೂ ಬರೆದಿರುತ್ತದೆ. ಅಷ್ಟು ಸಲ ಮಿಣುಕಿದರೆ 1 ಯೂನಿಟ್. ಎಲ್ಲ ಆರಿಸಿ, ಗೀಸರ್ ಒಂದನ್ನೇ ಹಾಕಿ, ಒಂದು ನಿಮಿಷ ವಿಡಿಯೋ ಮಾಡಿ ಎಣಿಸಿ. 3200ರ ಮೀಟರ್ ಆದರೆ ಸುಮಾರು 107 ಬರಬೇಕು. ಆಮೇಲೆ ಗೀಸರ್ ಕೂಡ ಆರಿಸಿ ನೋಡಿ, ದೀಪ ಮಿಣುಕೋದು ನಿಲ್ಲಬೇಕು. ಇದನ್ನು ಮಾತ್ರ ತಪ್ಪಿಸಬೇಡಿ.

ಕೇಶ್ವಾಪುರ_ಅಕ್ಕ:
ನೀರೆತ್ತೋ ಮೋಟಾರ್ ಮರೀಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಪು ಇಲ್ಲದ ಮನೆ ಕಡಿಮೆ ಅಲ್ವಾ? 1 ಎಚ್‌ಪಿ ಅಂದರೆ 746 ವ್ಯಾಟ್, ಮೋಟಾರ್ ಎಳೆಯೋದು ಅದಕ್ಕಿಂತ ಜಾಸ್ತಿ. ಮತ್ತೆ, ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ನಿಮ್ಮ ಮನೆಯ ಆರ್‌ಆರ್ ನಂಬರಿಗೆ (ಬಿಲ್ ಮೇಲಿರೋ ಸಂಪರ್ಕದ ಸಂಖ್ಯೆ) ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ಆಗಿದ್ದರೆ ಮೊದಲು ಅದನ್ನು ತೆಗೆಸಿ.

ವಿದ್ಯಾಗಿರಿ_ಬಾಡಿಗೆ:
ಎಣಿಸಿದೆ. 3200ರ ಮೀಟರ್. ಎಲ್ಲ ಆರಿಸಿದರೂ ನಿಮಿಷಕ್ಕೆ 50 ಸಲ ಮಿಣುಕಿತು! ಕೆಳಗೆ ಸಂಪಿನ ಮೋಟಾರ್ ಓಡುತ್ತಿತ್ತು. ಅದು ನಿಂತ ಕೂಡಲೇ ದೀಪವೂ ನಿಂತಿತು. ಅಂದರೆ ಮೋಟಾರ್ ನಮ್ಮ ಮೀಟರ್ ಮೇಲೇ ಇದೆ, ಆದರೆ ಆ ನೀರು ಕಟ್ಟಡದ ಮೂರೂ ಮನೆಗೆ ಹೋಗುತ್ತದೆ.

ಬೆಟಗೇರಿ_ವೈರಿಂಗ್:
50 ಅಂದರೆ ಸುಮಾರು 940 ವ್ಯಾಟ್, 1 ಎಚ್‌ಪಿ ಮೋಟಾರಿನ ಲೆಕ್ಕ ಸರಿಯಾಗಿದೆ. ವಿಡಿಯೋ ಅಳಿಸಬೇಡಿ, ಮಾಲಕರಿಗೆ ತೋರಿಸಿ. ಮೋಟಾರಿಗೆ ಒಂದು ಸಬ್‌ಮೀಟರ್ (ಅದರ ಬಳಕೆಯನ್ನಷ್ಟೇ ಅಳೆಯೋ ಬೇರೆ ಮೀಟರ್) ಹಾಕಿಸಿ, ಅದರಲ್ಲಿ ಬಂದ ಯೂನಿಟ್ ಮೂರು ಪಾಲು ಮಾಡಲಿ. ಮಾಲಕರು ಒಪ್ಪಿದರೆ ಅರ್ಧ ದಿನದ ಕೆಲಸ.