ವಾಬ್ಲರ್ ಎಂಜಿನ್: ಕೈಯಲ್ಲಿ ನಯವಾಗಿ ತಿರುಗುತ್ತದೆ, ಗಾಳಿ ಕೊಟ್ಟರೆ ಬರೀ ಬುಸ್

ಹೊಸಲೇತ್:
ಎಲ್ಲರಿಗೂ ನಮಸ್ಕಾರ. ಮನೆಯ ಸಣ್ಣ ಲೇತ್‌ನಲ್ಲಿ ಮಾಡಿದ ನನ್ನ ಮೊದಲ ಎಂಜಿನ್ ಇದು. ಸುಲಭ ಅಂತ ವಾಬ್ಲರ್ ಆರಿಸಿಕೊಂಡೆ. ಅದೇ, ಸಿಲಿಂಡರೇ ಆ ಕಡೆ ಈ ಕಡೆ ಓಲಾಡುತ್ತಾ ತನ್ನ ತೂತನ್ನು ತಾನೇ ತೆರೆದು ಮುಚ್ಚಿಕೊಳ್ಳುವ ಉಗಿ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಕೆಡೋದಕ್ಕೆ ಏನಿದೆ ಅಂದುಕೊಂಡಿದ್ದೆ.

ಸಿಲಿಂಡರ್ ಹಿತ್ತಾಳೆ, ಬೋರ್ (ಒಳ ವ್ಯಾಸ) 12 ಮಿ.ಮೀ., ರೀಮರ್ ಹಾಕಿ ನಯ ಮಾಡಿದ್ದು. ಪಿಸ್ಟನ್ ಉಕ್ಕು, ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 20 ಮಿ.ಮೀ. ಫ್ಲೈವೀಲ್ ಹಿಡಿದು ತಿರುಗಿಸಿದರೆ ಬೆಣ್ಣೆ. ಆದರೆ ಕಂಪ್ರೆಸರ್‌ನಿಂದ 1 ಬಾರ್ ಗಾಳಿ ಕೊಟ್ಟರೆ ಬುಸ್ಸ್ ಅಂತ ಸದ್ದು, ಕಾಲು ಸುತ್ತು ತಿರುಗಿ ನಿಂತುಬಿಡುತ್ತದೆ. 3 ಬಾರ್‌ವರೆಗೂ ಏರಿಸಿದೆ, ಸದ್ದು ಜೋರಾಯಿತು ಅಷ್ಟೇ. ಪಿಸ್ಟನ್ ಪಕ್ಕದಲ್ಲೇ ಸೋರುತ್ತಿದೆ ಅಂತ ಇನ್ನೊಂದು ಪಿಸ್ಟನ್ ಮಾಡಿದೆ, ಅದೂ ಹಾಗೇ. ಮೂರನೆಯದು ಮಾಡಬೇಕಾ, ಇಲ್ಲ ಬೋರ್ ಮತ್ತೆ ಉಜ್ಜಬೇಕಾ? ಎರಡು ವಾರದಿಂದ ಇದೇ ಆಗಿದೆ.

ತುಕ್ಕುಡಬ್ಬಿ:
ಪಿಸ್ಟನ್ ಬಿಡಿ ಸರ್. 12 ಮಿ.ಮೀ. ಬೋರ್‌ಗೆ 0.03 ಮಿ.ಮೀ. ಸಡಿಲ ಇದ್ದರೂ ಎಣ್ಣೆ ಹಾಕಿದರೆ ವಾಬ್ಲರ್ ಓಡುತ್ತದೆ. ಹೊಸಬರೆಲ್ಲ ಪಿಸ್ಟನ್ ಮೇಲೇ ಅನುಮಾನ ಪಡುತ್ತಾರೆ, ನಾನೂ ಪಟ್ಟಿದ್ದೆ, ನಾಲ್ಕು ಮಾಡಿದ್ದೆ.

ಸಿಲಿಂಡರ್ ಮತ್ತು ಪ್ಲೇಟ್ (ಗಾಳಿ ಒಳಬರಲು ಒಂದು, ಹೊರಹೋಗಲು ಒಂದು ತೂತಿರುವುದು) ಒಂದಕ್ಕೊಂದು ತಾಗುವ ಜಾಗದ ಅಂಚಿಗೆ ಎಣ್ಣೆ ಬಿಟ್ಟು ಅರ್ಧ ಬಾರ್ ಗಾಳಿ ಕೊಡಿ. ಗುಳ್ಳೆ ಎಲ್ಲಿ ಬಂತು ನೋಡಿ. ಅಲ್ಲೇ ಬಂದರೆ ಮುಖ ಸರಿಯಾಗಿ ಕೂತಿಲ್ಲ. ಪ್ಲೇಟಿಗೆ ಮಾರ್ಕರ್ ಪೆನ್ ಬಳಿದು, ಸಿಲಿಂಡರ್ ಜೋಡಿಸಿ ಹತ್ತು ಸಲ ಓಲಾಡಿಸಿ ಬಿಚ್ಚಿ. ಇಂಕು ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ತಾಗುತ್ತಿದೆ ಅಂತ ಅರ್ಥ.

ಪಿವಟ್, ಅಂದರೆ ಸಿಲಿಂಡರ್ ಓಲಾಡುವ ಕೀಲು, ಅದರ ತೂತಿನ ಸುತ್ತ ಮಾತ್ರ ಅಳಿಸಿದ್ದರೆ ಕಳ್ಳ ಸಿಕ್ಕಿದ ಹಾಗೆ. ಟ್ಯಾಪ್ ಹಾಕಿ ಒಳಗೆ ಮರೆ (ಥ್ರೆಡ್) ಕೊರೆದಾಗ ತೂತಿನ ಬಾಯಲ್ಲಿ ಲೋಹ ಕೂದಲೆಳೆಯಷ್ಟು ಉಬ್ಬಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ದೊಡ್ಡ ಡ್ರಿಲ್ ಬಿಟ್ ಕೈಯಲ್ಲೇ ತಿರುಗಿಸಿ ಅಲ್ಲಿ ಸ್ವಲ್ಪ ಗುಳಿ ಮಾಡಿ. ಆಮೇಲೆ ಗಾಜಿನ ಮೇಲೆ 600 ಎಮರಿ ಕಾಗದ ಇಟ್ಟು, ಎಂಟರ ಅಂಕಿ ಬರೆದ ಹಾಗೆ ಉಜ್ಜಿ.

ಅರ್ಧನೂಲು:
ಅದು ಸರಿ, ಆದರೆ ಅಳತೆ ಯಾರೂ ಕೇಳಲೇ ಇಲ್ವಲ್ಲ. ಪಿವಟ್‌ನಿಂದ ಫ್ಲೈವೀಲ್ ಕೂತಿರುವ ಕ್ರ್ಯಾಂಕ್ ಶಾಫ್ಟಿಗೆ ಎಷ್ಟು ದೂರ? ಪಿವಟ್‌ನಿಂದ ಗಾಳಿ ತೂತಿಗೆ ಎಷ್ಟು? ತೂತಿನ ಡ್ರಿಲ್ ಸೈಜ್ ಎಷ್ಟು? ಈ ಮೂರು ಹೇಳಿ.

ಹೊಸಲೇತ್:
50, 15, ಮತ್ತು 4 ಮಿ.ಮೀ. ಪ್ಲೇಟಿನ ಎರಡು ತೂತು, ಸಿಲಿಂಡರ್ ತೂತು, ಮೂರೂ 4. ಪ್ಲೇಟಿನ ತೂತುಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 6. ಡ್ರಾಯಿಂಗ್‌ನಲ್ಲಿ ತೂತಿನ ಸೈಜ್ 2.5 ಅಂತ ಇತ್ತು. ಗಾಳಿ ಜಾಸ್ತಿ ಹೋಗಲಿ, ಶಕ್ತಿ ಬರಲಿ ಅಂತ ನಾನೇ ದೊಡ್ಡದು ಮಾಡಿದೆ 🙈

ಅರ್ಧನೂಲು:
ಸಿಕ್ಕಿತು ನೋಡಿ. ನಿಮ್ಮ ಸ್ಟ್ರೋಕ್ 20, ಅಂದರೆ ಕ್ರ್ಯಾಂಕ್ ತೋಳು ಅದರ ಅರ್ಧ, 10. ಅದನ್ನು 50ರಿಂದ ಭಾಗಿಸಿ, 0.2. ಸಿಲಿಂಡರ್ ತೂತು ಪಿವಟ್‌ನಿಂದ 15ರಲ್ಲಿ ಇದೆ, ಹಾಗಾಗಿ ನಡುಮಧ್ಯದಿಂದ ಅದು ಒಂದೊಂದು ಕಡೆಗೆ 3 ಮಿ.ಮೀ. ಮಾತ್ರ ಸರಿಯುತ್ತದೆ. ಅದಕ್ಕೇ ಪ್ಲೇಟಿನ ತೂತುಗಳು 6 ದೂರದಲ್ಲಿರುವುದು, ಅದು ಸರಿಯಾಗೇ ಇದೆ.

ಈಗ ಪಿಸ್ಟನ್ ತುದಿಗೆ ಬಂದು ನಿಂತ ಕ್ಷಣ ಯೋಚಿಸಿ. ಸಿಲಿಂಡರ್ ನೆಟ್ಟಗೆ ನಿಂತಿದೆ, ಅದರ ತೂತು ಎರಡೂ ತೂತುಗಳ ನಡುವಿನ ಗೋಡೆಯ ಮೇಲಿದೆ. ಆ ಗೋಡೆ ಅದನ್ನು ಪೂರ್ತಿ ಮುಚ್ಚಬೇಕು. 2.5ರ ತೂತಾಗಿದ್ದರೆ ಗೋಡೆ 6 ಕಳೆ 2.5, ಅಂದರೆ 3.5 ಉಳಿಯುತ್ತಿತ್ತು, ಮುಚ್ಚಿ ಇನ್ನೂ 1 ಮಿ.ಮೀ. ಮಿಗುತ್ತಿತ್ತು. ನೀವು 4 ಕೊರೆದಿದ್ದೀರಿ, ಗೋಡೆ 2 ಮಾತ್ರ ಉಳಿದಿದೆ, ಅದರ ಮೇಲೆ 4ರ ತೂತು. ಎರಡೂ ಬಾಗಿಲು ಒಟ್ಟಿಗೆ ತೆರೆದ ಹಾಗೆ. ಒಳಗೆ ಬಂದ ಗಾಳಿ ನೇರ ಹೊರಗೆ. ಬುಸ್ ಅನ್ನುತ್ತಿರುವುದು ಪಿಸ್ಟನ್ ಅಲ್ಲ, ಇದೇ. ತೂತಿನ ವ್ಯಾಸ ಆ 3ಕ್ಕಿಂತ ಕಡಿಮೆ ಇರಲೇಬೇಕು. 3 ಬಾರ್ ಅಲ್ಲ, 6 ಕೊಟ್ಟರೂ ಇದು ಓಡುವುದಿಲ್ಲ, ಸುಮ್ನೆ ಅಪಾಯ.

ಎಸೆಯಬೇಡಿ. ಮೂರೂ ತೂತನ್ನು 5ಕ್ಕೆ ಕೊರೆದು ಹಿತ್ತಾಳೆ ಕಡ್ಡಿ ತುಂಬಿ ಬೆಸುಗೆ ಹಾಕಿ, ಮುಖ ಮತ್ತೆ ಸಮ ಮಾಡಿ, 2.5 ಕೊರೆಯಿರಿ. ಮಾಮೂಲಿ ತವರ-ಸೀಸದ ಬೆಸುಗೆ ಸಾಕು. ಅದು ಕರಗಲು ಶುರುವಾಗುವುದು 183 ಡಿಗ್ರಿಗೆ, ಮುಂದೆ ಉಗಿ ಕೊಟ್ಟರೂ 3 ಬಾರ್ ಉಗಿ 144 ಡಿಗ್ರಿ ಆಸುಪಾಸು.

ಬಿಸಿಗಾಳಿ:
ಮೊದಲ ಎಂಜಿನ್‌ಗೆ ಸ್ಟರ್ಲಿಂಗ್, ಅಂದರೆ ಬಿಸಿಗಾಳಿಯಿಂದ ಓಡುವ ಎಂಜಿನ್, ಮಾಡಬೇಕಿತ್ತು. ಕಂಪ್ರೆಸರ್ ಬೇಡ, ಒಂದು ಸ್ಪಿರಿಟ್ ದೀಪ ಸಾಕು.

ತುಕ್ಕುಡಬ್ಬಿ:
ಬಿಸಿಗಾಳಿ ಅವರೇ, ನಿಮ್ಮ ಹೆಸರಿಗೆ ತಕ್ಕ ಮಾತು. ಸ್ಟರ್ಲಿಂಗ್‌ಗೆ ಸಿಗುವ ಒತ್ತಡವೇ ಅಷ್ಟಕ್ಕಷ್ಟೆ. ಎಲ್ಲೋ ಒಂದು ಕಡೆ ಚೂರು ಬಿಗಿ ಇದ್ದರೂ ಮುಗಿಯಿತು, ದೀಪ ಉರಿಯುತ್ತದೆ, ಎಂಜಿನ್ ನೋಡುತ್ತಾ ಕೂರುತ್ತದೆ. ವಾಬ್ಲರ್ ಆದರೆ ಗಾಳಿ ಸ್ವಲ್ಪ ಜಾಸ್ತಿ ಕೊಟ್ಟು ಸಣ್ಣಪುಟ್ಟ ಬಿಗಿಯನ್ನು ಓಡಿಸಿ ಓಡಿಸಿಯೇ ಸಡಿಲ ಮಾಡಬಹುದು. ಮೊದಲ ಸಲಕ್ಕೆ ಇದೇ ಸರಿ.

ಹೊಸಲೇತ್ ಅವರೇ, ಮತ್ತೆ ಕೊರೆಯುವಾಗ ಸ್ಕೇಲ್ ಇಟ್ಟು ಗುರುತು ಹಾಕಬೇಡಿ. ಒಂದು ಪಟ್ಟಿಯಲ್ಲಿ ಪಿವಟ್ ತೂತು, ಅಲ್ಲಿಂದ 15ಕ್ಕೆ 2.5ರ ತೂತು ಮಾಡಿ. ಪಟ್ಟಿಯ ಬಾಲಕ್ಕೆ ಉದ್ದನೆಯ ಸೀಳು ಕೊಟ್ಟು ಕ್ರ್ಯಾಂಕ್ ಪಿನ್ನಿಗೆ ಸಿಕ್ಕಿಸಿ. ಫ್ಲೈವೀಲ್ ನಿಧಾನ ತಿರುಗಿಸಿದರೆ ಪಟ್ಟಿ ಒಂದು ಕಡೆ ಹೋಗಿ, ಇನ್ನು ಮುಂದೆ ಹೋಗಲ್ಲ ಅಂತ ನಿಂತು ವಾಪಸ್ ಬರುತ್ತದೆ ಅಲ್ವಾ, ಆ ಕೊನೆಯಲ್ಲಿ ಹಿಡಿದು ಪಟ್ಟಿಯ ತೂತಿನ ಮೂಲಕವೇ ಕೊರೆಯಿರಿ. ಆ ಕಡೆಯೂ ಹಾಗೇ. ನಿಮ್ಮ ಕ್ರ್ಯಾಂಕ್ ಅರ್ಧ ಮಿ.ಮೀ. ತಪ್ಪಿದ್ದರೂ ತೂತು ಸರಿಯಾದ ಜಾಗದಲ್ಲೇ ಬೀಳುತ್ತದೆ.

ಹೊಸಲೇತ್:
ನಾಲ್ಕು ದಿನ ಆಯಿತು, ಉತ್ತರ ತಡವಾಯಿತು. ಇಬ್ಬರು ಹೇಳಿದ್ದೂ ಸರಿ. ಮಾರ್ಕರ್ ಬಳಿದು ನೋಡಿದರೆ ಪಿವಟ್ ಸುತ್ತ ಒಂದು ಬಳೆಯಷ್ಟು ಜಾಗ ಮಾತ್ರ ಅಳಿಸಿತ್ತು, ಮಿಕ್ಕಿದ್ದೆಲ್ಲ ಕಪ್ಪು ಹಾಗೇ ಇತ್ತು. ಗುಳಿ ಮಾಡಿ ಉಜ್ಜಿದೆ. ತೂತು ತುಂಬಿ ಪಟ್ಟಿ ಇಟ್ಟು ಕೊರೆದೆ. ಒಂದು ತೂತಿನಲ್ಲಿ ಬೆಸುಗೆ ಪೂರ್ತಿ ಒಳಗೆ ಇಳಿದಿರಲಿಲ್ಲ, ಅದನ್ನು ಎರಡನೇ ಸಲ ಹಾಕಬೇಕಾಯಿತು.

ಅರ್ಧ ಬಾರ್ ಕೊಟ್ಟು ಫ್ಲೈವೀಲ್ ಬೆರಳಲ್ಲಿ ತಟ್ಟಿದೆ. ಟಕ್ ಟಕ್ ಅಂತು, ನಿಲ್ಲುತ್ತದೆ ಅಂದುಕೊಂಡೆ, ನಿಲ್ಲಲಿಲ್ಲ. ಹತ್ತು ನಿಮಿಷ ಓಡಿದ ಮೇಲೆ ಇನ್ನೂ ಸಡಿಲಾಯಿತು, ಪೈಪಿಗೆ ಬಾಯಿಟ್ಟು ಊದಿದರೂ ನಾಲ್ಕು ಸುತ್ತು ಹೋಗುತ್ತದೆ. ಮೊದಲನೇ ಪಿಸ್ಟನ್ನೇ ಹಾಕಿದ್ದೇನೆ, ಅದೇ ಚೆನ್ನಾಗಿದೆ 😄

ಒಂದೇ ತೊಂದರೆ, ಉಲ್ಟಾ ತಿರುಗುತ್ತಿದೆ. ಡ್ರಾಯಿಂಗ್‌ನಲ್ಲಿ ಬಾಣದ ಗುರುತು ಆ ಕಡೆ ಇದೆ, ನನ್ನದು ಈ ಕಡೆ. ಏನು ತಪ್ಪಾಗಿರಬಹುದು?

ಅರ್ಧನೂಲು:
ಗಾಳಿ ಪೈಪನ್ನು ಪಕ್ಕದ ತೂತಿಗೆ ಹಾಕಿ.