ಸ್ಕ್ರಿಪ್ಟ್ ಓದಿದ ಮೇಲ್ ಅಮ್ಮನ ಫೋನಿನಲ್ಲೂ ‘ಓದಿದ್ದು’ ಆಗುತ್ತಿದೆ

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದು ಮೂರು ರೂಮಿನ ಹೋಂಸ್ಟೇ. ಬುಕಿಂಗ್ ಮೇಲ್ ಓದೋಕೆ ಪೈಥಾನ್‌ನ ಇಮ್ಯಾಪ್‌ಲಿಬ್ (ಸರ್ವರ್‌ನಲ್ಲಿರುವ ಮೇಲ್ ಓದುವ ಲೈಬ್ರರಿ) ಬಳಸಿ ಸ್ಕ್ರಿಪ್ಟ್ ಬರೆದಿದ್ದೇನೆ. ಲಾಗಿನ್, ಸೆಲೆಕ್ಟ್, ಸರ್ಚ್ ಎಲ್ಲ ಸರಿ. ಫೆಚ್ ಮಾಡಿದ, ಅಂದರೆ ಮೇಲ್ ತರಿಸಿಕೊಂಡ ತಕ್ಷಣ ಅಮ್ಮನ ಫೋನಿನಲ್ಲಿ ಆ ಮೇಲಿನ ದಪ್ಪ ಅಕ್ಷರ ಹೋಗಿಬಿಡುತ್ತೆ. ಮೊನ್ನೆ ಜೋರು ಮಳೆಯಲ್ಲಿ, ರಾತ್ರಿ ಒಂಬತ್ತಕ್ಕೆ ಒಂದು ಕುಟುಂಬ ಬಂದು ನಿಂತಿತ್ತು. ಅವರ ಬುಕಿಂಗ್ ಮೇಲ್ ಅಮ್ಮನ ಕಣ್ಣಿಗೆ ಬಿದ್ದಿರಲೇ ಇಲ್ಲ. ಹಾಸಿಗೆಯೂ ಹಾಸಿರಲಿಲ್ಲ. ತುಂಬಾ ಬೇಜಾರಾಯಿತು.

ಉತ್ತರ: ಫೆಚ್‌ಗೆ ‘ಆರ್‌ಎಫ್‌ಸಿ822’ ಕೊಟ್ಟಿದ್ದೀರಿ ಅಲ್ವಾ? ಅದು ಮೇಲ್‌ಗೆ ‘ಸೀನ್’ (ಓದಿದ್ದು) ಗುರುತು ಹಾಕುತ್ತೆ. ಬದಲಿಗೆ ‘ಬಾಡಿ.ಪೀಕ್[]’ ಕೊಡಿ, ಗುರುತು ಬೀಳಲ್ಲ.

ಇನ್ನೊಂದು ಉತ್ತರ: ಮೇಲ್‌ಬಾಕ್ಸ್ ತೆರೆಯುವ ಸೆಲೆಕ್ಟ್‌ನಲ್ಲೇ ‘ರೀಡ್‌ಓನ್ಲಿ’ (ಓದಲು ಮಾತ್ರ) ಹಾಕಿದರೂ ಆಯಿತು. ಕರೆಂಟ್ ಹೋಗಿ ಬಂದರೆ ಮೇಲ್ ಸರ್ವರ್ ಜೊತೆಗಿನ ಸಂಪರ್ಕ (ಪೋರ್ಟ್ 993) ಕಡಿದಿರುತ್ತೆ. ಮತ್ತೆ ಲಾಗಿನ್‌ನಿಂದಲೇ ಶುರು ಮಾಡಿ.

ಪ್ರಶ್ನೆ ಕೇಳಿದವರು: ಪೀಕ್ ಹಾಕಿದೆ. ಈಗ ಅಮ್ಮನ ಫೋನಿನಲ್ಲಿ ಎರಡು ಮೇಲ್ ದಪ್ಪಕ್ಕೆ ಕೂತಿವೆ. ತುಂಬಾ ಥ್ಯಾಂಕ್ಸ್.