ಶಿವಮೊಗ್ಗದಲ್ಲೇ ಇದ್ದುಕೊಂಡು ಸ್ವಂತ ಹಾಡುಗಳಿಂದ ದುಡಿಯೋದು ಹೇಗೆ?

ತುಂಗಾದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಜನರ ತಂಡ: ಗಿಟಾರ್ ಮತ್ತು ಹಾಡು, ಕೊಳಲು, ತಬಲಾ. ಸ್ವಂತ ಸಾಹಿತ್ಯದ ಆರು ಹಾಡು ರೆಡಿ ಇವೆ. ವೇದಿಕೆಯಲ್ಲಿ ಭಾವಗೀತೆ, ವಚನ, ತತ್ವಪದಗಳನ್ನೂ ಹಾಡುತ್ತೇವೆ. ರೀಲ್ಸ್‌ಗೆ ಲೈಕ್ ಚೆನ್ನಾಗಿಯೇ ಬೀಳುತ್ತೆ, ಕಾರ್ಯಕ್ರಮ ಇಟ್ಟರೆ ಮಾತ್ರ ಮುಂದಿನ ಎರಡು ಸಾಲು ತುಂಬಲ್ಲ. ಬೆಂಗಳೂರಿಗೆ ಹೋಗಿ ಕೂರುವ ಯೋಚನೆ ಇಲ್ಲ.

ಮೊದಲು ಸ್ಪಾಟಿಫೈ, ಯೂಟ್ಯೂಬ್‌ಗೆ ಹಾಕೋದಾ ಅಥವಾ ಕಾರ್ಯಕ್ರಮಗಳನ್ನು ಹಿಡಿಯೋದಾ? ದುಡ್ಡು ಕೊಟ್ಟರೆ ಇಷ್ಟು ಸಾವಿರ ಸ್ಟ್ರೀಮ್ ಕೊಡಿಸ್ತೀವಿ ಅಂತ ಮೆಸೇಜ್ ಮಾಡ್ತಾರಲ್ಲ, ಅವರನ್ನು ನಂಬಬಹುದಾ? ಇನ್ನೊಂದು, ಕವಿಗಳ ಪದ್ಯಕ್ಕೆ ನಾವೇ ರಾಗ ಹಾಕಿದರೆ ಅದು ನಮ್ಮ ಹಾಡು ಅಂತ ಆಗುತ್ತಾ?

ಹಂಚಿನಮಾಡು:
ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಅವರು ಕೊಡಿಸೋದು ಬಾಟ್‌ಗಳ ಸ್ಟ್ರೀಮ್, ಅಂದರೆ ಕೇಳೋದು ಮನುಷ್ಯರಲ್ಲ, ಕಂಪ್ಯೂಟರ್ ಪ್ರೋಗ್ರಾಂ. ಸ್ಪಾಟಿಫೈ ಅದನ್ನು ಪತ್ತೆ ಹಚ್ಚಿದರೆ ಲೆಕ್ಕದಿಂದ ತೆಗೆಯುತ್ತೆ, ಮಿತಿ ಮೀರಿದ್ದರೆ ವಿತರಕರಿಗೆ (ನಿಮ್ಮ ಹಾಡನ್ನು ಸ್ಪಾಟಿಫೈಗೆ ತಲುಪಿಸುವ ಕಂಪನಿಗೆ) ದಂಡ ಹಾಕುತ್ತೆ. ವಿತರಕರು ಅದನ್ನು ನಿಮ್ಮ ಖಾತೆಯಿಂದ ಕಳೆಯುತ್ತಾರೆ, ಇಲ್ಲವೇ ಹಾಡನ್ನೇ ಕಿತ್ತು ಹಾಕುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಿಮ್ಮ ಹಾಡನ್ನು ಯಾರಿಗೆ ತೋರಿಸಬೇಕು ಅಂತ ಆ ವ್ಯವಸ್ಥೆ ಕಲಿಯೋದು ಕೇಳಿದವರನ್ನು ನೋಡಿ. ಕೇಳಿದವರೇ ಸುಳ್ಳಾದರೆ ಭದ್ರಾವತಿಯಲ್ಲಿರುವ ನಿಜವಾದ ಕೇಳುಗನಿಗೆ ಅದು ತಲುಪೋದೇ ಇಲ್ಲ.

ಸ್ಟ್ರೀಮಿಂಗ್‌ನಿಂದ ಹೊಟ್ಟೆ ತುಂಬಲ್ಲ ಅನ್ನೋದನ್ನು ಮೊದಲೇ ತಿಳಿದುಕೊಂಡು ಮುಂದುವರಿಯಿರಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದಿದ್ದರೆ ರೆಕಾರ್ಡಿಂಗ್ ರಾಯಲ್ಟಿ ಬರುವುದಿಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ. ಅದಾದ ಮೇಲೂ ಉದ್ದ ವಿಡಿಯೊಗೆ 55%, ಶಾರ್ಟ್ಸ್‌ಗೆ 45% ಪಾಲು. ಖಾತೆಯಲ್ಲಿ 100 ಡಾಲರ್ ಆಗುವವರೆಗೆ ಹಣ ಕೈಗೆ ಬರಲ್ಲ. ಈ ಹಣ ಬರುವ ಗೂಗಲ್ ಖಾತೆ ಆಡ್‌ಸೆನ್ಸ್‌ನಲ್ಲಿ ಅಮೆರಿಕದ ತೆರಿಗೆ ಫಾರ್ಮ್ ತುಂಬೋದನ್ನು ತುಂಬಾ ಜನ ಮರೀತಾರೆ. ತುಂಬದಿದ್ದರೆ ಒಟ್ಟು ಗಳಿಕೆಯಲ್ಲೇ 24% ತನಕ ಹಿಡಿದುಕೊಳ್ಳಬಹುದು. ತುಂಬಿದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ, ಅದೂ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ 15%.

ಹಾಗಂತ ಹಾಕದೇ ಇರಬೇಡಿ. ಕಾರ್ಯಕ್ರಮ ಕೊಡುವವರು ಮೊದಲು ಕೇಳೋದೇ "ಲಿಂಕ್ ಕಳಿಸಿ" ಅಂತ. ಹಾಕುವಾಗ ಎಡವುವ ಜಾಗಗಳನ್ನು ಹೇಳಿಬಿಡ್ತೀನಿ.

ತಂಡದ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ಇರಲಿ. ಒಮ್ಮೆ ಒಂದು 'ಎ', ಇನ್ನೊಮ್ಮೆ ಎರಡು 'ಎ' ಹಾಕಿದರೆ ಎರಡು ಬೇರೆ ಪ್ರೊಫೈಲ್ ಹುಟ್ಟಿ ಕೇಳುಗರು ಹಂಚಿಹೋಗುತ್ತಾರೆ. ಭಾಷೆಯ ಕಾಲಮ್ಮಿನಲ್ಲಿ ಕನ್ನಡ ಅಂತಲೇ ಆರಿಸಿ, ಸುಮ್ಮನೆ ಇಂಗ್ಲಿಷ್ ಬಿಟ್ಟರೆ ಹಾಡು ಕನ್ನಡ ಪ್ಲೇಲಿಸ್ಟ್‌ಗಳ ಹತ್ತಿರ ಸುಳಿಯಲ್ಲ. ಬಿಡುಗಡೆ ದಿನಾಂಕ ಮೂರ್ನಾಲ್ಕು ವಾರ ಮುಂದಕ್ಕೆ ಇಡಿ, ಯಾಕೆಂದರೆ ಸ್ಪಾಟಿಫೈನ ಸಂಪಾದಕರಿಗೆ ಹಾಡು ಕಳಿಸಲು ಆಗೋದು ಬಿಡುಗಡೆಗೆ ಮುಂಚೆ ಮಾತ್ರ, ಕನಿಷ್ಠ 7 ದಿನ ಮೊದಲು. ಆರು ಹಾಡನ್ನೂ ಒಂದೇ ದಿನ ಸುರಿಯಬೇಡಿ. ಆರು ವಾರಕ್ಕೊಂದರಂತೆ ಬಿಟ್ಟರೆ ಹೆಚ್ಚುಕಡಿಮೆ ಎಂಟು ತಿಂಗಳು ಹೇಳಿಕೊಳ್ಳಲು ಏನಾದರೂ ಇರುತ್ತೆ. ರೆಡಿಮೇಡ್ ಲೂಪ್ (ಯಾರು ಬೇಕಾದರೂ ತಂದು ಬಳಸುವ ಸಿದ್ಧ ಸಂಗೀತದ ತುಣುಕು) ಬಳಸಿದ ಹಾಡಿಗೆ ಕಂಟೆಂಟ್ ಐಡಿ, ಅಂದರೆ ಬೇರೆಯವರ ವಿಡಿಯೊದಲ್ಲಿ ನಿಮ್ಮ ಹಾಡನ್ನು ತಾನೇ ಹುಡುಕುವ ಯೂಟ್ಯೂಬ್ ವ್ಯವಸ್ಥೆ, ಟಿಕ್ ಮಾಡಲೇಬೇಡಿ. ಅದೇ ಲೂಪ್ ಬಳಸಿದ ಬೇರೆಯವರ ವಿಡಿಯೊಗಳ ಮೇಲೆಲ್ಲ ನಿಮ್ಮ ಹೆಸರಲ್ಲಿ ಕ್ಲೇಮ್ ಬೀಳುತ್ತೆ, ಕೊನೆಗೆ ನಿಮ್ಮ ಖಾತೆಗೇ ಕುತ್ತು.

ಸಾಗರರಸ್ತೆ:
ಮೇಲಿನವರ ಮಾತು ಸರಿ, ಆದರೆ ಮಲೆನಾಡಿನಲ್ಲಿ ದುಡ್ಡು ಇರೋದು ಎದುರಿಗೆ ಕೂತವರ ಹತ್ತಿರ. ಲೈಕ್ ಹಾಕಿದವರು ಎಲ್ಲಿಯವರು ಅಂತ ಇನ್‌ಸ್ಟಾಗ್ರಾಂ ಇನ್‌ಸೈಟ್ಸ್‌ನಲ್ಲಿ ಊರಿನ ಪಟ್ಟಿ ನೋಡಿ. ಬಹುಪಾಲು ಬೆಂಗಳೂರೇ ಇರುತ್ತೆ. ಅವರು ಭಾನುವಾರ ಸಂಜೆ ತೀರ್ಥಹಳ್ಳಿಗೆ ಬರ್ತಾರಾ?

ಟಿಕೆಟ್ ಕಾರ್ಯಕ್ರಮದ ಒಂದು ಲೆಕ್ಕ ಹಾಕೋಣ. ದರ ಊರೂರಿಗೆ ಬೇರೆ, ಇದು ಬರೀ ಉದಾಹರಣೆ. 60 ಕುರ್ಚಿಯ ಸಣ್ಣ ಹಾಲ್. ಬಾಡಿಗೆ 1,500, ಸೌಂಡ್ 4,000, ಪಕ್ಕವಾದ್ಯದ ಇಬ್ಬರಿಗೆ ತಲಾ 2,000, ಟೀ 1,000, ಪೋಸ್ಟರ್ 500. ಒಟ್ಟು 11,000. ಟಿಕೆಟ್ 200 ಇಟ್ಟು ಹಾಲ್ ತುಂಬಿದರೂ ಬರೋದು 12,000, ಹಾಡಿದವರಿಗೆ ಉಳಿದದ್ದು ಒಂದು ಸಾವಿರ! 300 ಇಟ್ಟರೆ 37ನೇ ಟಿಕೆಟ್ಟಿಗೆ ಖರ್ಚು ಹುಟ್ಟುತ್ತೆ, ತುಂಬಿದರೆ 7,000 ಉಳಿಯುತ್ತೆ. ಹಾಗಾಗಿ ಮೊದಲು ಕಡಿಮೆ ಮಾಡಬೇಕಾದ್ದು ಸೌಂಡ್ ಖರ್ಚು, ಪಕ್ಕವಾದ್ಯದವರ ಸಂಭಾವನೆಯನ್ನಲ್ಲ. 60 ಜನರ ಕೋಣೆಗೆ ಗಿಟಾರ್, ಕೊಳಲು, ತಬಲಾ ಇದ್ದರೆ 12 ಇಂಚಿನ ಎರಡು ಆಕ್ಟಿವ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವಂಥವು), ಸಣ್ಣ ಮಿಕ್ಸರ್, ನಾಲ್ಕೈದು ಮೈಕ್ ಸಾಕು. ಗಣಪತಿ ಪೆಂಡಾಲಿನ ಸೆಟ್ಟು ತಂದು ಸಣ್ಣ ಕೋಣೆಯಲ್ಲಿ ಇಟ್ಟರೆ ಕೊಳಲಿನ ಮೈಕಿಗೆ ಹೌಲಿಂಗ್, ಅಂದರೆ ಕಿವಿ ಚುಚ್ಚುವ ಕೂಗು, ಬರೋದು ಗ್ಯಾರಂಟಿ.

ಸಮಯ: ಭಾನುವಾರ ಸಂಜೆ 5ಕ್ಕೆ ಶುರು ಮಾಡಿ, 7ರೊಳಗೆ ಮುಗಿಸಿ. ಆರೂವರೆಗೆ ಶುರುವಾದರೆ ಹಳ್ಳಿ ಕಡೆಯವರು ಕೊನೇ ಬಸ್ಸು ಅಂತ ಮಧ್ಯದಲ್ಲೇ ಏಳ್ತಾರೆ. ಬಯಲಿನಲ್ಲಿ ಮಾಡೋದಾದರೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹೋಂಸ್ಟೇ ಕಾರ್ಯಕ್ರಮ ಒಪ್ಪಿಕೊಳ್ಳುವಾಗ ಇದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಿ. ಅತಿಥಿಗಳ ಊಟ ಮುಗಿಯೋದೇ ಹತ್ತಕ್ಕೆ, ಆಮೇಲೆ "ಇನ್ನೊಂದೆರಡು ಹಾಡಿ" ಅಂತಾರೆ.

ಈಗ ಮುಖ್ಯ ವಿಷಯ. ಪ್ರತಿ ಕಾರ್ಯಕ್ರಮದಿಂದ ವಾಪಸ್ ಬರುವಾಗ ಜೇಬಿನಲ್ಲಿ ಹಣದ ಜೊತೆ ಫೋನ್ ನಂಬರೂ ಇರಬೇಕು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಒಂದು ಪಟ್ಟಿಗೆ 256 ಜನ. ಗ್ರೂಪ್ ಬೇಡ, ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ, ಹೆಣ್ಣುಮಕ್ಕಳು ಮೊದಲು ಹೊರಗೆ ಹೋಗ್ತಾರೆ. ಮೂರನೇ ದಿನಕ್ಕೆ ಗುಡ್ ಮಾರ್ನಿಂಗ್ ಫೋಟೊ ಬೇರೆ. ಆದರೆ ಬ್ರಾಡ್‌ಕಾಸ್ಟ್‌ಗೆ ಒಂದು ತೊಡಕಿದೆ: ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ತಲುಪುತ್ತೆ. ಅದಕ್ಕೆ ಕೊನೇ ಹಾಡಿಗಿಂತ ಒಂದು ಹಾಡು ಮುಂಚೆ ನಿಲ್ಲಿಸಿ, ಎಲ್ಲರ ಕೈಲಿ ಮೊಬೈಲ್ ತೆಗೆಸಿ, ಕುರ್ಚಿ ಮೇಲಿಟ್ಟ ಚೀಟಿಯ ಕ್ಯೂಆರ್ ಸ್ಕ್ಯಾನ್ ಮಾಡಿಸಿ, ತಂಡದ ಹೆಸರಲ್ಲಿ ಸೇವ್ ಮಾಡಿ ತಮ್ಮ ಊರಿನ ಹೆಸರು ಕಳಿಸಲು ಹೇಳಿ. ಕೊನೇ ಹಾಡಾದ ಮೇಲೆ ಹೇಳಿದರೆ ಅಷ್ಟೊತ್ತಿಗೆ ಅವರು ಚಪ್ಪಲಿ ಹುಡುಕ್ತಾ ಇರ್ತಾರೆ. ಊರಿನ ಹೆಸರು ಯಾಕೆ ಅಂದರೆ, ಹೊಸನಗರದಲ್ಲಿ 40 ಜನ ಇದ್ದಾರೆ ಅಂತ ಗೊತ್ತಾದ ದಿನ ಅಲ್ಲಿ ಹಾಲ್ ನೋಡಬಹುದು. ತಿಂಗಳಿಗೆ ಎರಡು ಮೆಸೇಜ್ ಮೀರಬೇಡಿ.

ಘಟ್ಟದ ಅಂಚಿನ ಊರುಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತೆ. ಟಿಕೆಟ್ ಹಣ ಹಿಂದಿನ ದಿನವೇ ತರಿಸಿಕೊಳ್ಳಿ, ಬಾಗಿಲಲ್ಲಿ ಚಿಲ್ಲರೆ ಇಟ್ಟ ಡಬ್ಬಿ ಇರಲಿ, ನಂಬರ್ ಬರೆಯಲು ಒಂದು ನೋಟ್‌ಬುಕ್ಕೂ ಇರಲಿ.

ಕರಾರುಪತ್ರ:
ಮೂರನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ, ತಂಡಗಳು ಹೆಚ್ಚು ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ಪದ್ಯಕ್ಕೆ ನೀವು ರಾಗ ಹಾಕಿದರೆ ರಾಗ ಮಾತ್ರ ನಿಮ್ಮದು, ಸಾಹಿತ್ಯ ಕವಿಯದು. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ. ಬೇಂದ್ರೆ 1981, ಅವರದು 2041ರವರೆಗೆ. ವಿವರಣೆಯಲ್ಲಿ "ಸಾಹಿತ್ಯ: ಕುವೆಂಪು" ಅಂತ ಬರೆದ ಮಾತ್ರಕ್ಕೆ ಅನುಮತಿ ಆಗಲ್ಲ. ರೆಕಾರ್ಡ್ ಮಾಡಿ ಬಿಡುಗಡೆ ಮಾಡುವುದಾದರೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಅಕ್ಕಮಹಾದೇವಿ, ಅಲ್ಲಮನ ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದದ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಜನಪ್ರಿಯವಾಗಿರುವ ಧಾಟಿಯನ್ನು ಇತ್ತೀಚಿನ ಸಂಗೀತ ನಿರ್ದೇಶಕರು ಕೂರಿಸಿದ್ದರೆ ಆ ಧಾಟಿ ಅವರದು. ನೀವೇ ಹೊಸದಾಗಿ ಕೂರಿಸಿಕೊಳ್ಳಿ. ಅಕ್ಕನ ಊರು ಉಡುತಡಿ, ಅಲ್ಲಮನ ಊರು ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇರುವಾಗ ಆ ಇಬ್ಬರ ವಚನಗಳಿಗೇ ಒಂದು ಪೂರ್ತಿ ಕಾರ್ಯಕ್ರಮ ಕಟ್ಟಬಹುದು, ಶಾಲೆ ಕಾಲೇಜುಗಳಲ್ಲಿ ಕೇಳುವವರಿದ್ದಾರೆ.

ಹವ್ಯಾಸಿ ತಂಡಗಳು ಪ್ರೇಕ್ಷಕರಿಂದ ದುಡ್ಡು ತೆಗೆದುಕೊಳ್ಳದೆ ಮಾಡುವ ಕಾರ್ಯಕ್ರಮಕ್ಕೆ, ಮದುವೆಗೆ, ಸರ್ಕಾರಿ ಸಮಾರಂಭಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿಗಳಿವೆ. ಟಿಕೆಟ್ ಇಟ್ಟಿರೋ, ಬೇರೆಯವರ ಹಾಡಿಗೆ ಪರವಾನಗಿ ಪಡೆಯೋದು ಆಯೋಜಕರ ಜವಾಬ್ದಾರಿ. ಸಾಗರರಸ್ತೆಯವರು ಹೇಳಿದ ಮಾದರಿಯಲ್ಲಿ ಆಯೋಜಕರು ನೀವೇ! ಸ್ವಂತ ಹಾಡು ಮತ್ತು ಹಕ್ಕು ಮುಗಿದ ಸಾಹಿತ್ಯದಲ್ಲೇ ಎರಡು ಗಂಟೆ ತುಂಬಿಸಿದರೆ ಈ ತಲೆನೋವಿಲ್ಲ.

ಆರು ಹಾಡಿನ ಪಾಲು ಈಗಲೇ ಬರೆದಿಡಿ: ಸಾಹಿತ್ಯ ಯಾರದು, ರಾಗ ಯಾರದು, ರೆಕಾರ್ಡಿಂಗ್‌ಗೆ ಹಣ ಹಾಕಿದವರು ಯಾರು. ಒಂದು ಹಾಳೆ, ಮೂವರ ಸಹಿ ಸಾಕು. ಸಾಹಿತ್ಯ, ರಾಗ ಮಾಡಿದವರು ಐಪಿಆರ್‌ಎಸ್ (ಸಾಹಿತ್ಯ, ರಾಗ ಮಾಡಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ) ಸದಸ್ಯರಾಗಿ ಹಾಡುಗಳನ್ನು ನೋಂದಾಯಿಸಿ. ಸದಸ್ಯತ್ವ ಮಾಡಿ ಹಾಡು ನೋಂದಾಯಿಸದೆ ಬಿಟ್ಟರೆ ಯಾರ ಹಣ ಅಂತ ಗೊತ್ತಾಗದೆ ಉಳಿದುಹೋಗುತ್ತೆ.

ಒಂದು ಹಾಡು ಓಡಿತು ಅಂದರೆ "ನಮ್ಮ ಚಾನೆಲ್‌ಗೆ ಕೊಡಿ" ಅಂತ ಫೋನ್ ಬರುತ್ತೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಕಾನೂನು ತಿಳಿಯುತ್ತೆ. ಅದಕ್ಕೇ ಅವರ ಪತ್ರದಲ್ಲಿ "ಶಾಶ್ವತವಾಗಿ, ಇಡೀ ಪ್ರಪಂಚಕ್ಕೆ" ಅಂತ ಇರೋದು. ಅಲ್ಲಿ ಪೆನ್ನು ಹಿಡಿದು 3 ಅಥವಾ 5 ವರ್ಷ ಅಂತ ತಿದ್ದಲು ಕೇಳಿ, ಒಪ್ಪದಿದ್ದರೆ ಬಿಡಿ.

ತುಂಗಾದಂಡೆ:
ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಧನ್ಯವಾದ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ಏನು ಮಾಡ್ತೀರಿ? ಆಗ ಕಾರ್ಯಕ್ರಮವೇ ಇರಲ್ಲವಲ್ಲ.

ಹಂಚಿನಮಾಡು:
ಆಗ ರೆಕಾರ್ಡಿಂಗ್ ಮುಗಿಸಿಕೊಳ್ಳಿ. ತಗಡಿನ ಶೀಟಿನ ಕೆಳಗೆ ಕಂಡೆನ್ಸರ್ ಮೈಕ್ ಇಟ್ಟರೆ ಹಾಡಿಗಿಂತ ಮಳೆ ಚೆನ್ನಾಗಿ ಕೇಳುತ್ತೆ. ಡೈನಮಿಕ್ ಮೈಕ್ ತಗೊಂಡು ಬಾಯಿಂದ ನಾಲ್ಕು ಬೆರಳು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿದು ಹಾಡಿ, ಹಿಂದೆ ಎರಡು ಕಂಬಳಿ ತೂಗುಹಾಕಿ. ತಬಲಾದ ಚರ್ಮ ಥಂಡಿಗೆ ಇಳಿಯುತ್ತೆ, ಪ್ರತಿ ಟೇಕಿಗೂ ಶ್ರುತಿ ನೋಡಿ, ಇಲ್ಲದಿದ್ದರೆ ಎರಡು ಟೇಕ್ ಒಟ್ಟಿಗೆ ಕೂರಲ್ಲ. ಮೈಕನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ.

ಸಾಗರರಸ್ತೆ:
ರೆಕಾರ್ಡಿಂಗ್ ಒಂದೇ ಅಲ್ಲ ಮಾರಾಯ್ರೆ, ಮಳೆಗಾಲ ಬುಕಿಂಗ್ ಕಾಲ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಅದರ ಮಾತುಕತೆ ಆಗಸ್ಟ್‌ನಲ್ಲೇ ಶುರು ಮಾಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಫೋಟೊ, ಪರಿಚಯ, ಹಿಂದಿನ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆ ಜೋಡಿಸಿ ಕೊಟ್ಟು ಬನ್ನಿ. ಆಹ್ವಾನ ಪತ್ರಿಕೆ ಎಸೆಯಬೇಡಿ, ಅಲ್ಲಿ ನಡೆಯೋ ದಾಖಲೆ ಅದೇ. ಭದ್ರಾವತಿ ಆಕಾಶವಾಣಿಯ ಸುಗಮ ಸಂಗೀತ ಆಡಿಷನ್‌ಗೆ ಅರ್ಜಿ ಹಾಕಿ. ಬಿ, ಬಿ ಹೈ, ಎ, ಟಾಪ್ ಅಂತ ಗ್ರೇಡ್ ಇದೆ. ಅಲ್ಲಿಂದ ಬರುವ ಸಂಭಾವನೆಗಿಂತ ಆ ಗ್ರೇಡ್ ತೋರಿಸಿ ಬೇರೆ ಕಡೆ ಕೇಳಬಹುದಾದ ಸಂಭಾವನೆ ಮುಖ್ಯ. ಮದುವೆ ಆರತಕ್ಷತೆಗೆ ಒಪ್ಪಿಕೊಂಡರೆ ಅರ್ಧ ಮುಂಗಡ, ಉಳಿದರ್ಧ ವೇದಿಕೆ ಹತ್ತುವ ಮುಂಚೆ. ಮುಗಿದ ಮೇಲೆ ಹುಡುಗಿ ಅಪ್ಪನನ್ನು ಊಟದ ಹಾಲ್‌ನಲ್ಲಿ ಹುಡುಕೋ ಕೆಲಸ ಇಟ್ಟುಕೊಳ್ಳಬೇಡಿ.